ಪದ ಪರಿಚಯ: ಮೈಕ್ರೋಬ್ಲಾಗಿನ ಆಡ್-ಆನ್ ಮತ್ತು ಜಾಣ ಲಿಂಕ್

ಇಳಕಲ್‌ನ ಸೀರೆ ಅಂಗಡಿಯವರೊಬ್ಬರು ಎಕ್ಸ್‌ನಲ್ಲಿ ಒಂದು ಪೋಸ್ಟ್ ಹಾಕಿದರು ಅಂದುಕೊಳ್ಳಿ (ಎಕ್ಸ್ ಅಂದರೆ ಹಿಂದಿನ ಟ್ವಿಟರ್; ಇಂಥ ಚಿಕ್ಕ ಪೋಸ್ಟ್‌ಗಳ ಸೇವೆಗೆ ಮೈಕ್ರೋಬ್ಲಾಗ್ ಅನ್ನುತ್ತಾರೆ). 'ಹೊಸಾ ಗೋಮಿ ದಡಿ ಸೀರಿ ಬಂದಾವ್ರಿ, ನೋಡ್ರಿ' ಅಂತ ಒಂದು ಸಾಲು. ಅದರ ಕೆಳಗೆ ಅಂಗಡಿಯ ವೆಬ್‌ಸೈಟ್ ಲಿಂಕ್. ಇಷ್ಟೇ ಅವರು ಬರೆದದ್ದು. ಓದುವವರಿಗೆ ಮಾತ್ರ ಸೀರೆಯ ಫೋಟೋ, ಅದರ ಹೆಸರು ಎಲ್ಲ ಒಂದು ಚೌಕಟ್ಟಿನಲ್ಲಿ ಕಾಣುತ್ತವೆ. ಅವರು ಫೋಟೋ ಹಾಕಿಯೇ ಇಲ್ಲ. ಇನ್ನೊಂದು ವಿಷಯ: ಪೋಸ್ಟ್ ಹೋದದ್ದು ಬೆಳಗ್ಗೆ 9 ಗಂಟೆಗೆ, ಆಗ ಅವರು ಅಂಗಡಿಯ ಕಸ ಗುಡಿಸುತ್ತಿದ್ದರು. ಹಿಂದಿನ ರಾತ್ರಿ ಬರೆದಿಟ್ಟದ್ದನ್ನು ಬೇರೊಂದು ಆ್ಯಪ್ ಸಮಯ ನೋಡಿ ಕಳಿಸಿತು.

ಫೋಟೋ ತಂದುಕೊಟ್ಟದ್ದು ಜಾಣ ಲಿಂಕ್. ಸಮಯಕ್ಕೆ ಕಳಿಸಿದ್ದು ಆಡ್-ಆನ್. ಎರಡೂ ದಿನಾ ನಮ್ಮ ಕೈಗೆ ಬರುತ್ತವೆ, ಆದರೆ ಹೆಸರು ಹಿಡಿದು ಗುರುತಿಸುವವರು ಕಡಿಮೆ.

ಆಡ್-ಆನ್ ಅಂದರೆ ಸೇವೆ ನಡೆಸುವ ಕಂಪನಿಯೂ ಅಲ್ಲದ, ಬಳಸುವ ನಾವೂ ಅಲ್ಲದ ಮೂರನೆಯವರು ಮಾಡಿಕೊಟ್ಟ ಸೌಲಭ್ಯ. ಬಾಗಲಕೋಟೆಯ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಗಳನ್ನು ನೆನೆಸಿಕೊಳ್ಳಿ. ಬಸ್ ಓಡಿಸುವುದು ಸಾರಿಗೆ ಸಂಸ್ಥೆ. ಚಹಾ, ಗಿರಮಿಟ್ಟು, ಮೊಬೈಲ್ ರಿಚಾರ್ಜ್ ಬೇಕಂದ್ರೆ ಗೂಡಂಗಡಿ. ಜನ ಬರುವುದು ಬಸ್ಸಿಗೇ ಹೌದು, ಆದರೆ ಬಸ್ ತಡವಾದರೂ ಬೇಸರವಿಲ್ಲದೆ ಕಾಯುವುದು ಗೂಡಂಗಡಿ ಇರುವುದರಿಂದ. ಮತ್ತೆ, ಜಾಗ ಖಾಲಿ ಮಾಡಿ ಅಂತ ಒಂದು ದಿನ ಹೇಳಿದರೆ ಗೂಡಂಗಡಿಯವರು ಎದ್ದು ಹೋಗಬೇಕು. ಈ ಕೊನೆಯ ಮಾತೇ ಮುಖ್ಯ, ಮುಂದೆ ನೋಡೋಣ.

ಆಡ್-ಆನ್ ಮಾತಾಡುವುದು ಎಪಿಐ ಮೂಲಕ. 'ಈ ಖಾತೆಯ ಹೊಸ ಪೋಸ್ಟ್‌ಗಳನ್ನು ಕೊಡು', 'ಇದನ್ನು ಪೋಸ್ಟ್ ಮಾಡು' ಅಂತ ಒಂದು ಪ್ರೋಗ್ರಾಮ್ ಇನ್ನೊಂದನ್ನು ಕೇಳಲು ಮೊದಲೇ ಗೊತ್ತು ಮಾಡಿಟ್ಟ ರೀತಿ ಅದು. ಟ್ವಿಟರ್ ಶುರುವಾದದ್ದು 2006ರಲ್ಲಿ. ಅದೇ ವರ್ಷ ಹೊರಗಿನವರಿಗೆ ಎಪಿಐ ಕೊಟ್ಟಿತು. ಆಗ ಟ್ವಿಟರ್‌ನಲ್ಲಿ ಫೋಟೋ ಹಾಕಲು ಬರುತ್ತಿರಲಿಲ್ಲ, ಹುಡುಕಲು ಸರಿಯಾದ ದಾರಿ ಇರಲಿಲ್ಲ. ಕೊರತೆ ಜಾಸ್ತಿ ಇದ್ದದ್ದರಿಂದಲೇ ಹೊರಗಿನವರಿಗೆ ಕೆಲಸ ಸಿಕ್ಕಿತು.

2007ರಲ್ಲಿ ಬಂದ ಟ್ವಿಟರಿಫಿಕ್ ಎಂಬ ಆ್ಯಪ್ ಹಕ್ಕಿಯ ಚಿತ್ರವನ್ನು ಟ್ವಿಟರ್‌ಗಿಂತ ಮೊದಲೇ ಬಳಸಿತ್ತು. ಹುಡುಕುವ ಸೌಲಭ್ಯ ಮಾಡಿದ್ದು ಸಮ್ಮೈಜ್ ಎಂಬ ಬೇರೆ ಕಂಪನಿ, 2008ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಪರದೆಯನ್ನು ಬೆರಳಿಂದ ಕೆಳಗೆಳೆದರೆ ಹೊಸ ಪೋಸ್ಟ್ ಬರುತ್ತದಲ್ಲ, ಅದು ಲೋರೆನ್ ಬ್ರಿಕ್ಟರ್ ಎಂಬುವರು ತಮ್ಮ ಟ್ವೀಟಿ ಆ್ಯಪ್‌ಗೆ ಮಾಡಿಕೊಂಡದ್ದು. ಟ್ವೀಟಿಯನ್ನೂ ಟ್ವಿಟರ್ 2010ರಲ್ಲಿ ಕೊಂಡಿತು. ಹ್ಯಾಶ್‌ಟ್ಯಾಗ್ ಆ್ಯಪ್ ಅಲ್ಲ, ಆದರೂ ಅದೂ ಹೊರಗಿನದೇ: 2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸ್ಸಿನಾ ಎಂಬ ಬಳಕೆದಾರ # ಹಾಕೋಣವೇ ಅಂತ ಕೇಳಿದ್ದು. 2009ರ ಜನವರಿ 15ರಂದು ನ್ಯೂಯಾರ್ಕ್‌ನ ಹಡ್ಸನ್ ನದಿಯ ಮೇಲೆ ವಿಮಾನ ಇಳಿದಾಗ ಪ್ರಪಂಚವೆಲ್ಲ ನೋಡಿದ ಆ ಫೋಟೋ ಟ್ವಿಟರ್‌ನಲ್ಲಿ ಇರಲೇ ಇಲ್ಲ. ಅದಿದ್ದದ್ದು ಟ್ವಿಟ್‌ಪಿಕ್ ಎಂಬ ಆಡ್-ಆನ್‌ನಲ್ಲಿ. ಟ್ವಿಟರ್‌ನಲ್ಲಿ ಇದ್ದದ್ದು ಅದರ ಲಿಂಕ್ ಮಾತ್ರ.

ಹೀಗೆ ಲಿಂಕ್‌ನ ಮಾತಿಗೆ ಬಂದೆವು. ನನಗೆ ಹೆಚ್ಚು ಆಸಕ್ತಿ ಇರುವುದು ಇಲ್ಲಿಯೇ, ಯಾಕೆಂದರೆ ಇದು ಕನ್ನಡದವರಿಗೆ ನೇರ ತಾಗುವ ವಿಷಯ.

ಟ್ವಿಟರ್ ಮೊದಲು ಎಸ್‌ಎಂಎಸ್ ಮೇಲೆ ನಡೆಯುತ್ತಿತ್ತು. ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ. ಹೆಸರಿಗೆ 20 ಬಿಟ್ಟು 140 ಉಳಿಯಿತು. (ಇದು ಇಂಗ್ಲಿಷ್ ಲೆಕ್ಕ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 70 ಮಾತ್ರ.) 140ರಲ್ಲಿ ಉದ್ದದ ಲಿಂಕ್ ಹಾಕಿದರೆ ಮಾತಾಡಲು ಜಾಗ ಎಲ್ಲಿ? 2002ರಲ್ಲೇ ಇದ್ದ ಟೈನಿಯುಆರ್‌ಎಲ್, 2008ರ ಬಿಟ್‌ಲಿ, ಇವು ಉದ್ದ ಲಿಂಕನ್ನು ಗಿಡ್ಡ ಮಾಡಿ ಕೊಡುತ್ತಿದ್ದವು. 2010ರಲ್ಲಿ ಟ್ವಿಟರ್ ತನ್ನದೇ 'ಟಿ ಡಾಟ್ ಕೊ' ತಂದಿತು. ಈಗ ನೀವು ಎಷ್ಟೇ ಉದ್ದದ ಲಿಂಕ್ ಹಾಕಿದರೂ ಎಕ್ಸ್ ಅದನ್ನು 23 ಅಂತಲೇ ಎಣಿಸುತ್ತದೆ. ಎಕ್ಸ್‌ನಂಥದೇ ಇನ್ನೊಂದು ಸೇವೆ ಮಾಸ್ಟೊಡಾನ್ ಕೂಡ ಇದೇ 23ರ ಲೆಕ್ಕ ಹಿಡಿದಿದೆ.

ಈಗ ಒಂದು ಕೆಲಸ ಮಾಡಿ. ಕನ್ನಡ ವಿಕಿಪೀಡಿಯದಲ್ಲಿ ಬೆಳಗಾವಿಯ ಪುಟ ತೆರೆಯಿರಿ. ಮೇಲಿನ ವಿಳಾಸ ಕಾಪಿ ಮಾಡಿ ಎಲ್ಲಾದರೂ ಪೇಸ್ಟ್ ಮಾಡಿ. ಎಷ್ಟೋ ಕಡೆ 'ಬೆಳಗಾವಿ' ಅನ್ನುವುದರ ಜಾಗದಲ್ಲಿ % ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ದೊಡ್ಡ ಸಾಲು ಬೀಳುತ್ತದೆ. ಕಾರಣ ಸರಳ. ಕಂಪ್ಯೂಟರ್‌ಗೆ 'ಬೆಳಗಾವಿ' ಅಂದರೆ 7 ತುಣುಕು: ಬ, ಎತ್ವ, ಳ, ಗ, ದೀರ್ಘ, ವ, ಗುಡಿಸು. ಒಂದೊಂದು ಕನ್ನಡ ತುಣುಕಿಗೂ 3 ಬೈಟ್ (ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವ ಚಿಕ್ಕ ಅಳತೆ). ವೆಬ್ ವಿಳಾಸದಲ್ಲಿ ಒಂದೊಂದು ಬೈಟನ್ನೂ % ಸೇರಿಸಿ 3 ಚಿಹ್ನೆಯಲ್ಲಿ ಬರೆಯಬೇಕು. 7 ಸಲ 9, ಅಂದರೆ 63 ಚಿಹ್ನೆ! ವಿಜಯಪುರಕ್ಕೂ 63. ಬಾಗಲಕೋಟೆಗೆ ಒಂದು ತುಣುಕು ಜಾಸ್ತಿ, 72. ಲಿಂಕ್ ಒಳಗೆ ನಮ್ಮ ಊರಿನ ಹೆಸರು ಬಂದರೆ ಹಳೆಯ ಟ್ವೀಟ್‌ನಲ್ಲಿ ಅರ್ಧ ಜಾಗ ಹೋಗುತ್ತಿತ್ತು. 23ರ ಲೆಕ್ಕ ಇಂಗ್ಲಿಷಿನವರಿಗೆ ಅನುಕೂಲ ಅಷ್ಟೇ, ಕನ್ನಡದವರಿಗೆ ಅದು ಇಲ್ಲದಿದ್ದರೆ ನಡೆಯುವುದೇ ಇಲ್ಲ.

ಗಿಡ್ಡ ಲಿಂಕ್‌ಗೂ ಒಂದು ದೋಷವಿದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಮೆಸೇಜುಗಳು ಗಿಡ್ಡ ಲಿಂಕ್ ಬಳಸುವುದು ಇದಕ್ಕೇ. ಹಾಗಾಗಿ ಲಿಂಕ್ ಸುಮ್ನೆ ಗಿಡ್ಡ ಆದರೆ ಸಾಲದು. ಒತ್ತುವ ಮೊದಲೇ ತಾನು ಏನು, ಎಲ್ಲಿಯದು ಅಂತ ಅದು ಹೇಳಬೇಕು. ಜಾಣ ಲಿಂಕ್ ಅಂದರೆ ಇದೇ.

ಇದು ಹೇಗೆ ನಡೆಯುತ್ತದೆ ಅಂತ ನೋಡಲು ಮತ್ತೆ ಇಳಕಲ್‌ನ ಅಂಗಡಿಗೆ ಹೋಗೋಣ. ಆ ವೆಬ್ ಪುಟದ ತಲೆಭಾಗದಲ್ಲಿ ಓದುಗರಿಗೆ ಕಾಣದ ಕೆಲವು ಸಾಲುಗಳಿರುತ್ತವೆ. ಒಂದು ಪುಟದ ಹೆಸರು. ಒಂದು ಚಿಕ್ಕ ವಿವರ. ಒಂದು, ಯಾವ ಚಿತ್ರ ತೋರಿಸಬೇಕು ಅನ್ನುವುದು. ಇನ್ನೊಂದು, ಪುಟದ ನಿಜವಾದ ವಿಳಾಸ. ಓಪನ್ ಗ್ರಾಫ್ ಎಂಬ ಈ ಕ್ರಮವನ್ನು ಫೇಸ್‌ಬುಕ್ 2010ರಲ್ಲಿ ತಂದಿತು. 2012ರಲ್ಲಿ ಟ್ವಿಟರ್ ತನ್ನ 'ಕಾರ್ಡ್' ತಂದಿತು. ಪೋಸ್ಟ್‌ನಲ್ಲಿ ಲಿಂಕ್ ಬಿದ್ದ ಕೂಡಲೇ ಒಂದು ಪ್ರೋಗ್ರಾಮ್ ಆ ಪುಟಕ್ಕೆ ಹೋಗಿ ಈ ಸಾಲುಗಳನ್ನು ಓದಿ ಬಂದು ಚೌಕಟ್ಟು ಕಟ್ಟುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಅಂಟಿಸಿದಾಗ ಬರುವ ಚಿತ್ರವೂ ಇದರಿಂದಲೇ.

'ಲಿಂಕ್ ಹಾಕೀನ್ರೀ ಅಣ್ಣಾರ, ಆದ್ರ ಸೀರಿ ಫೋಟೋ ಬರವಲ್ದು, ಅಂಗಡಿ ಲೋಗೋನ ಬರ್ತೈತಿ' ಅಂತ ಕೇಳುವವರು ನಮ್ಮ ಕಡೆ ಬಹಳ. ಇದರಲ್ಲಿ ಮೈಕ್ರೋಬ್ಲಾಗಿನ ತಪ್ಪೇನೂ ಇಲ್ಲ. ವೆಬ್‌ಸೈಟ್ ಮಾಡಿಕೊಟ್ಟವರು ಎಲ್ಲ ಪುಟಕ್ಕೂ ಒಂದೇ ಚಿತ್ರ, ಅಂದರೆ ಲೋಗೋ, ಬರೆದಿಟ್ಟಿರುತ್ತಾರೆ. ಪ್ರತಿ ಸೀರೆಯ ಪುಟಕ್ಕೂ ಅದರದೇ ಚಿತ್ರ ಬರೆಯಿಸಿದರೆ ಸರಿಯಾಗುತ್ತದೆ. ಚಿತ್ರ ಅಡ್ಡಕ್ಕೆ 1200, ಉದ್ದಕ್ಕೆ 630 ಪಿಕ್ಸೆಲ್ ಇದ್ದರೆ ಹೆಚ್ಚಿನ ಕಡೆ ಕತ್ತರಿಸಿ ಹೋಗುವುದಿಲ್ಲ. ಸೆರಗು ಇಳಿಬಿಟ್ಟು ತೆಗೆದ ಉದ್ದನೆಯ ಫೋಟೋ ಇಲ್ಲಿ ಕೆಲಸಕ್ಕೆ ಬರದು, ಮಧ್ಯದ ಒಡಲಷ್ಟೇ ಕಾಣುತ್ತದೆ. ದಡಿ, ಸೆರಗು ಎರಡೂ ಬರುವಂತೆ ಮಡಚಿಟ್ಟು ಅಡ್ಡ ಫೋಟೋ ತೆಗೆಯುವುದೇ ಒಳ್ಳೆಯದು. ಮತ್ತೊಂದು, ಚಿತ್ರ ಬದಲಿಸಿದ ಕೂಡಲೇ ಎಲ್ಲ ಕಡೆ ಬದಲಾಗುವುದಿಲ್ಲ. ಒಮ್ಮೆ ಓದಿದ್ದನ್ನು ಈ ಸೇವೆಗಳು ಸ್ವಲ್ಪ ಕಾಲ ತಮ್ಮಲ್ಲೇ ಇಟ್ಟುಕೊಂಡು ಅದನ್ನೇ ತೋರಿಸುತ್ತವೆ. ಗಾಬರಿ ಬೇಡ.

ಪುಟವನ್ನು ಓದಿ ಬರುವವರು ಯಾರು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಎಕ್ಸ್‌ನಂಥದೇ ಬ್ಲೂಸ್ಕೈ ಎಂಬ ಸೇವೆಯಲ್ಲಿ ಪೋಸ್ಟ್ ಬರೆಯುವ ಆ್ಯಪ್‌ನ ಕಡೆಯಿಂದಲೇ ಚೌಕಟ್ಟು ತಯಾರಾಗಿ ಪೋಸ್ಟ್ ಜೊತೆ ಹೋಗುತ್ತದೆ. ಮಾಸ್ಟೊಡಾನ್‌ನಲ್ಲಿ ಪೋಸ್ಟ್ ತಲುಪಿದ ಪ್ರತಿ ಸರ್ವರ್ (ಸೇವೆ ನಡೆಸುವ ಕಂಪ್ಯೂಟರ್, ಅಲ್ಲಿ ಇಂಥವು ಬಹಳ) ತಾನೇ ಹೋಗಿ ಓದುತ್ತದೆ. ಬಹಳ ಜನ ಹಿಂಬಾಲಿಸುವ ಖಾತೆಯಿಂದ ಒಂದು ಚಿಕ್ಕ ವೆಬ್‌ಸೈಟಿನ ಲಿಂಕ್ ಹೋದರೆ ನೂರಾರು ಸರ್ವರ್ ಒಟ್ಟಿಗೆ ಬಂದು ಆ ವೆಬ್‌ಸೈಟ್ ಸುಸ್ತಾಗುತ್ತದೆ. ಎಕ್ಸ್ 2023ರ ಅಕ್ಟೋಬರ್‌ನಲ್ಲಿ ಚೌಕಟ್ಟಿನಿಂದ ಸುದ್ದಿಯ ತಲೆಬರಹವನ್ನೇ ತೆಗೆದುಹಾಕಿತ್ತು, ಬರೀ ಚಿತ್ರ ಉಳಿಯಿತು. ಜಾಣ ಲಿಂಕನ್ನು ಮತ್ತೆ ಪೆದ್ದು ಮಾಡಿದ ಕೆಲಸ ಅದು. ಆಮೇಲೆ ತಲೆಬರಹವನ್ನು ಚಿತ್ರದ ಮೇಲೆ ಚಿಕ್ಕದಾಗಿ ವಾಪಸ್ ತಂದರು.

ಲಿಂಕ್‌ನ ಜಾಣತನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬ್ಲೂಸ್ಕೈಯಲ್ಲಿ ವಿಳಾಸವನ್ನು ಪೋಸ್ಟ್ ಒಳಗೆ ಬರೆಯಬೇಕೆಂದೇ ಇಲ್ಲ. 'ಇಂಥ ಬೈಟಿನಿಂದ ಇಂಥ ಬೈಟಿನವರೆಗೆ ಈ ಲಿಂಕ್' ಅಂತ ಪಕ್ಕದಲ್ಲಿ ಗುರುತು ಹಾಕಿದರೆ ಸಾಕು. ಪೋಸ್ಟ್‌ನ ಮೊದಲಿಗೆ 'ಇಳಕಲ್ ಸೀರೆ' ಅಂತಿದೆ, ಆ ಎರಡು ಪದಕ್ಕೇ ಲಿಂಕ್ ಕೊಡಬೇಕು ಅನ್ನಿ. ಕಂಪ್ಯೂಟರ್ ಲೆಕ್ಕದಲ್ಲಿ ಅಲ್ಲಿರುವುದು 9 ಕನ್ನಡ ತುಣುಕು, ನಡುವೆ ಒಂದು ಖಾಲಿ ಜಾಗ. 9 ಸಲ 3, ಜೊತೆಗೆ 1, ಒಟ್ಟು 28 ಬೈಟ್. ಗುರುತು 0ರಿಂದ 28. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅಕ್ಷರ ಎಣಿಸಿದರೂ ಲೆಕ್ಕ ಸರಿ ಬರುತ್ತದೆ. ಹಾಗಂತ ಆಡ್-ಆನ್ ಮಾಡಿದವರು ತುಣುಕು ಎಣಿಸಿ 0ರಿಂದ 10 ಅಂತ ಬರೆದರೆ, ಲಿಂಕ್ 'ಇಳಕ' ದಾಟಿ 'ಲ'ದ ಹೊಟ್ಟೆಯಲ್ಲಿ ತುಂಡಾಗಿ ನಿಲ್ಲುತ್ತದೆ. ಕನ್ನಡ ಪೋಸ್ಟ್‌ನಲ್ಲಿ ಲಿಂಕ್ ಎಲ್ಲೋ ಅರ್ಧಕ್ಕೆ ನಿಂತಿದ್ದು ಕಂಡರೆ ಅನುಮಾನವನ್ನು ಮೊದಲು ಇತ್ತ ತಿರುಗಿಸಿ. ಬೆಳಗಾವಿಯ ವಿಟಿಯು ವ್ಯಾಪ್ತಿಯಲ್ಲಿ ಓದುವ ಇಂಜಿನಿಯರಿಂಗ್ ಹುಡುಗ, ಹುಡುಗಿಯರು ಪ್ರಾಜೆಕ್ಟ್ ಹುಡುಕುತ್ತಿದ್ದರೆ ಇದು ಒಳ್ಳೆಯ ಕೆಲಸ: ಇರುವ ಆಡ್-ಆನ್‌ಗಳಿಗೆ ಕನ್ನಡ ಕೊಟ್ಟು ಎಲ್ಲಿ ಮುರಿಯುತ್ತವೆ ಅಂತ ನೋಡುವುದು.

ಇನ್ನು ಜಾಗ ಖಾಲಿ ಮಾಡುವ ಕಥೆ. ಟ್ವಿಟರ್ 2012ರಲ್ಲಿ ಹೊಸ ಆ್ಯಪ್‌ಗಳಿಗೆ 1 ಲಕ್ಷ ಬಳಕೆದಾರರ ಮಿತಿ ಹಾಕಿತು. 2014ರಲ್ಲಿ ಹೆಸರಿನ ಜಗಳದಲ್ಲಿ ಟ್ವಿಟ್‌ಪಿಕ್ ಮುಚ್ಚಿತು, ಅದರ ಹಳೆಯ ಫೋಟೋಗಳನ್ನು ಟ್ವಿಟರ್ ತೆಗೆದುಕೊಂಡಿತು. 2023ರ ಜನವರಿಯಲ್ಲಿ ಟ್ವಿಟರಿಫಿಕ್, ಟ್ವೀಟ್‌ಬಾಟ್ ಥರದ ಆ್ಯಪ್‌ಗಳು ಹೇಳದೆ ಕೇಳದೆ ನಿಂತುಹೋದವು. ಹಕ್ಕಿಯನ್ನು ಮೊದಲು ತಂದವರನ್ನೇ ಹೊರಗೆ ಕಳಿಸಿದಂತಾಯಿತು, ಅಲ್ವಾ? ಮುಂದಿನ ತಿಂಗಳೇ ಪುಕ್ಕಟೆ ಎಪಿಐ ನಿಲ್ಲಿಸುವುದಾಗಿ ಹೇಳಿದರು. ನಿಡಗುಂದಿಯ ಹುಡುಗನೊಬ್ಬ ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು ದಿನಾ ಬೆಳಗ್ಗೆ ತಾನಾಗಿ ಪೋಸ್ಟ್ ಮಾಡುವ ಬಾಟ್ ಮಾಡಿದ ಅಂದುಕೊಳ್ಳಿ. 519.60 ಮೀಟರ್ ತುಂಬಲು ಇನ್ನೆಷ್ಟು ಬಾಕಿ ಅಂತ ಮಳೆಗಾಲದಲ್ಲಿ ಕೃಷ್ಣೆಯ ದಂಡೆಯ ಜನಕ್ಕೆ ಬೇಕಾದ ಸುದ್ದಿ. ದುಡ್ಡು ಬರುವ ಕೆಲಸವಲ್ಲ. ಇಂಥವು ಮೊದಲು ನಿಲ್ಲುತ್ತವೆ. ಮಾಸ್ಟೊಡಾನ್, ಬ್ಲೂಸ್ಕೈಗಳಲ್ಲಿ ಈಗಲೂ ಪುಕ್ಕಟೆಯಾಗಿ ಮಾಡಬಹುದು, ಆದರೆ ನಮ್ಮ ಕಡೆಯ ಜನ ಅಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾದ 'ಕೂ' ಎಂಬ ಮೈಕ್ರೋಬ್ಲಾಗ್ 2024ರಲ್ಲಿ ಬಾಗಿಲು ಹಾಕಿತು. ಅದರ ಪೋಸ್ಟ್‌ಗಳಿಗೆ ಕೊಟ್ಟ ಲಿಂಕ್‌ಗಳೂ ಹೋದವು.

ಗಿಡ್ಡ ಲಿಂಕ್‌ಗಳದ್ದೂ ಇದೇ ಪಾಡು. ಬಿಟ್‌ಲಿಯ ವೆಬ್ ವಿಳಾಸದ ಕೊನೆಯಲ್ಲಿ ಬರುವ 'ಲಿ' ಲಿಬಿಯಾ ದೇಶಕ್ಕೆ ಸೇರಿದ್ದು. 2010ರಲ್ಲಿ ಅದೇ 'ಲಿ' ಬಳಸುತ್ತಿದ್ದ ಇನ್ನೊಂದು ಗಿಡ್ಡ ಲಿಂಕ್ ಸೇವೆಯನ್ನು ಲಿಬಿಯಾದವರು ನಿಲ್ಲಿಸಿಬಿಟ್ಟರು. ಗೂಗಲ್ ತನ್ನ ಗಿಡ್ಡ ಲಿಂಕ್ ಸೇವೆಯಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರಲ್ಲಿ ಮುಚ್ಚಿತು.

ಆಡ್-ಆನ್ ಸೇರಿಸುವಾಗ ಒಂದು ಅನುಮತಿ ಪುಟ ಬರುತ್ತದೆ. ಅದನ್ನು ಓದಿ. ಸಮಯಕ್ಕೆ ಪೋಸ್ಟ್ ಮಾಡುವ ಆ್ಯಪ್‌ಗೆ ಪೋಸ್ಟ್ ಮಾಡುವ ಅನುಮತಿ ಬೇಕು, ಅದು ಸರಿ. ಉದ್ದದ ಸರಣಿ ಪೋಸ್ಟ್‌ಗಳನ್ನು ಒಂದೇ ಪುಟ ಮಾಡಿಕೊಡುವ ಆ್ಯಪ್ ನಿಮ್ಮ ಖಾಸಗಿ ಮೆಸೇಜ್ ಓದಲು ಕೇಳಿದರೆ 'ಬೇಡ' ಒತ್ತಿ. ಬಿಟ್ಟುಹೋದ ಹಳೆಯ ಆ್ಯಪ್‌ಗಳ ಅನುಮತಿ ಸೆಟ್ಟಿಂಗ್ಸ್‌ನಲ್ಲಿ ಹಾಗೇ ಉಳಿದಿರುತ್ತದೆ, ಒಮ್ಮೆ ಹೋಗಿ ತೆಗೆಯಿರಿ.

ಅಂಗಡಿಯವರಿಗೆ ಒಂದು ಮಾತು. ಪೋಸ್ಟ್‌ನಲ್ಲಿ ಯಾವ ಗಿಡ್ಡ ಲಿಂಕ್ ಹಾಕಿದರೂ ನಡೆದೀತು, ನಾಳೆ ಇನ್ನೊಂದು ಪೋಸ್ಟ್ ಹಾಕಬಹುದು. ಸೀರೆ ಚೀಲದ ಮೇಲೆ, ಲಗ್ನಪತ್ರಿಕೆಯ ಮೇಲೆ ಕ್ಯೂಆರ್ ಅಚ್ಚು ಹಾಕಿಸುವಾಗ ಮಾತ್ರ ಅದರೊಳಗೆ ನಿಮ್ಮದೇ ವೆಬ್‌ಸೈಟಿನ ವಿಳಾಸ ಇರಲಿ. ಪುಕ್ಕಟೆ ಅಂತ ಮಾಡಿಕೊಡುವ ಎಷ್ಟೋ ಕ್ಯೂಆರ್‌ಗಳ ಒಳಗೆ ಇರುವುದು ಮಾಡಿಕೊಟ್ಟವರ ಗಿಡ್ಡ ಲಿಂಕ್. ಪುಕ್ಕಟೆ ಅವಧಿ ಮುಗಿದ ದಿನ ಸ್ಕ್ಯಾನ್ ಮಾಡಿದವರಿಗೆ ಸೀರೆ ಕಾಣುವುದಿಲ್ಲ, 'ದುಡ್ಡು ಕಟ್ಟಿ' ಅನ್ನುವ ಪುಟ ಕಾಣುತ್ತದೆ. ಅಚ್ಚಿಗೆ ಕೊಡುವ ಮೊದಲು ನಿಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಮೊದಲು ಯಾವ ವಿಳಾಸ ಬರುತ್ತದೆ ಅಂತ ಓದಿ ನೋಡಿ.