ಮಳೆ ಲೆಕ್ಕದಲ್ಲಿ ಫಿಕ್ಸೆಡ್ ಪಾಯಿಂಟ್: ಒಂದು ಟಿಪ್ಪಣಿ

ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟ್‌ಗಳಲ್ಲಿ. ಒಂದು ಇಂಚಿಗೆ 100 ಸೆಂಟ್. "ನಿನ್ನೆ ಒಂದು ಇಂಚು ಮೂವತ್ತು ಸೆಂಟ್ ಬಂತು" ಅನ್ನುವುದನ್ನು 130 ಅಂತ ಬರೆದಿಟ್ಟರೆ ಚುಕ್ಕಿಯ ಗೊಡವೆಯೇ ಇಲ್ಲ. ಫಿಕ್ಸೆಡ್ ಪಾಯಿಂಟ್ ಅಂದರೆ ಇದೇ. ಚಿಪ್ ಒಳಗೆ ಇರುವುದು ಬರೀ ಪೂರ್ಣಾಂಕ. ಚುಕ್ಕಿ ಎಲ್ಲಿದೆ ಅನ್ನುವುದು ನಮ್ಮ ತಲೆಯಲ್ಲಿ, ಕಾಮೆಂಟ್‌ನಲ್ಲಿ ಇರುತ್ತದೆ.

ಟಿಪ್ಪಿಂಗ್ ಬಕೆಟ್ (ತುಂಬಿದಾಗ ಮಗುಚುವ ಪುಟ್ಟ ಬಕೆಟ್) ಮಳೆಮಾಪಕವನ್ನು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಜೋಡಿಸಿದ್ದೇವೆ ಅಂದುಕೊಳ್ಳಿ. ಬಕೆಟ್ ಒಮ್ಮೆ ಮಗುಚಿದರೆ ಒಂದು ಸೆಂಟ್ ಮಳೆ. ಪ್ರತಿ ಸಲ 0.01 ಕೂಡಿಸುತ್ತಾ ಹೋಗುವುದು ಮೊದಲು ಹೊಳೆಯುವ ದಾರಿ. ಆದರೆ 0.01 ಬೈನರಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಮಳೆಗಾಲ ಮುಗಿಯುವಾಗ 10,000 ಸಲ ಕೂಡಿಸಿದ್ದರೆ ಸರಿಯಾಗಿ 100 ಇಂಚು ಬರುವುದಿಲ್ಲ. ಸುಮ್ನೆ ಒಂದೊಂದೇ ಎಣಿಸಿದರೆ ಸರಿಯಾಗಿ 10,000 ಬರುತ್ತದೆ.

ಊನೊದ ಎಟಿಮೆಗಾ328ಪಿ 8 ಬಿಟ್ ಚಿಪ್. 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ಫ್ಲೋಟ್ (ಚುಕ್ಕಿಯಿರುವ ಸಂಖ್ಯೆಗಳ) ಲೆಕ್ಕಕ್ಕೆ ಬೇರೆ ಹಾರ್ಡ್‌ವೇರ್ ಇಲ್ಲ, ಎಲ್ಲವೂ ಲೈಬ್ರರಿ ಕೋಡ್‌ನಲ್ಲೇ ಆಗಬೇಕು. 8 ಬಿಟ್‌ನ ಎರಡು ಸಂಖ್ಯೆ ಗುಣಿಸಲು ಇದಕ್ಕೆ 2 ಸೈಕಲ್ (ಚಿಪ್‌ನ ಗಡಿಯಾರದ ಮಿಡಿತ) ಸಾಕು. ಒಂದು ಫ್ಲೋಟ್ ಗುಣಾಕಾರಕ್ಕೆ ನೂರರ ಆಸುಪಾಸು ಬೇಕು. ನಿಜ ಹೇಳಬೇಕೆಂದರೆ, ನಿಮಿಷಕ್ಕೊಂದು ಸಲ ಲೆಕ್ಕ ಹಾಕುವ ಮಳೆಮಾಪಕಕ್ಕೆ ಈ ವೇಗ ದೊಡ್ಡ ವಿಷಯವೇ ಅಲ್ಲ. ಮೋಟಾರ್ ನಿಯಂತ್ರಣ, ಆಡಿಯೊ ಇದ್ದಾಗ ಮಾತು ಬೇರೆ. ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಲೆಕ್ಕದ ನಿಖರತೆ.

ಈಗ ಸೆಂಟನ್ನು ಮಿಲಿಮೀಟರಿಗೆ ಬದಲಿಸೋಣ. ತೊಂದರೆ ಶುರುವಾಗುವುದೇ ಇಲ್ಲಿ. ಒಂದು ಇಂಚು 25.4 ಮಿ.ಮೀ., ಹಾಗಾಗಿ ಒಂದು ಸೆಂಟ್ ಅಂದರೆ ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದಲ್ಲಿ 2.54. ಅಂದರೆ 254ರಿಂದ ಗುಣಿಸಿ 100ರಿಂದ ಭಾಗಿಸಬೇಕು. ಊನೊದಲ್ಲಿ ಇಂಟ್ (ಸಾಮಾನ್ಯ ಪೂರ್ಣಾಂಕ) 16 ಬಿಟ್, ಗರಿಷ್ಠ 32,767. 129 ಸೆಂಟ್ ಮಳೆಗೆ ಗುಣಲಬ್ಧ 32,766. ಅಬ್ಬಾ, ಕೂದಲೆಳೆಯಲ್ಲಿ ಪಾರು! ಇನ್ನೊಂದು ಸೆಂಟ್ ಬಂದರೆ 33,020 ಆಗಿ, ಸಾಮಾನ್ಯವಾಗಿ ಅದು -32,516 ಆಗಿ ತಿರುಗುತ್ತದೆ. 100ರಿಂದ ಭಾಗಿಸಿದ ಮೇಲೆ ಪರದೆಯಲ್ಲಿ -32.5 ಮಿ.ಮೀ. ಮಳೆ! ಮೇಜಿನ ಮೇಲೆ ಎರಡು ಚಮಚ ನೀರು ಹಾಕಿ ಪರೀಕ್ಷಿಸಿದರೆ ಈ ದೋಷ ಕಾಣಿಸುವುದಿಲ್ಲ. ಜುಲೈ ಮಳೆಯಲ್ಲಿ ಕಾಣಿಸುತ್ತದೆ. ಗುಣಿಸುವ ಮೊದಲೇ ಒಂದು ಸಂಖ್ಯೆಯನ್ನು 32 ಬಿಟ್ ಮಾಡಿಕೊಳ್ಳಬೇಕು. ಗುಣಿಸಿದ ಮೇಲೆ ಮಾಡಿದರೆ ಕೆಟ್ಟುಹೋದ ಉತ್ತರವೇ 32 ಬಿಟ್ ಆಗುತ್ತದೆ, ಅಷ್ಟೇ.

ಈ ಚಿಪ್‌ಗೆ ಭಾಗಾಕಾರದ ಸೂಚನೆಯೂ ಇಲ್ಲ. ಅದಕ್ಕೇ 100ರ ಬದಲು ಎರಡರ ಘಾತ ಹಿಡಿದರೆ ಬಿಟ್‌ಗಳನ್ನು ಬಲಕ್ಕೆ ಸರಿಸಿ ಮುಗಿಸಬಹುದು. ಎಷ್ಟು ಬಿಟ್? 8 ಬಿಟ್ ಆದರೆ 2.54 × 256 ಅಂದರೆ 650 ಇಟ್ಟುಕೊಳ್ಳಬೇಕು. 100 ಇಂಚಿಗೆ ಸುಮಾರು 1 ಮಿ.ಮೀ. ಕಡಿಮೆ ಬರುತ್ತದೆ. 16 ಬಿಟ್ ಆದರೆ 166,461. ನಿಖರತೆ ಜಾಸ್ತಿ, ಆದರೆ ಚಿಹ್ನೆಯಿರುವ (ಋಣ ಸಂಖ್ಯೆಯನ್ನೂ ಹಿಡಿಯುವ) 32 ಬಿಟ್‌ನಲ್ಲಿ 129 ಇಂಚು ದಾಟಿದರೆ ತುಂಬಿ ಹರಿಯುತ್ತದೆ. ಮಲೆನಾಡಿಗೆ ಅದು ಸಾಲದು, ಅಲ್ವಾ? 12 ಬಿಟ್ ಹಿಡಿದರೆ 2.54 × 4,096 ಅಂದರೆ 10,404. 10,000 ಸೆಂಟಿಗೆ 25,400 ಬರುತ್ತದೆ, ಅಂದರೆ 2,540.0 ಮಿ.ಮೀ. ಸೆಂಟ್ ಎಣಿಕೆ 65,535 ಮುಟ್ಟಿದರೂ 32 ಬಿಟ್ ಒಳಗೇ ಇರುತ್ತದೆ. ನಾನಾದರೆ ಇದನ್ನೇ ಆರಿಸುತ್ತೇನೆ. ಸರಿಸುವ ಮೊದಲು 4,096ರ ಅರ್ಧ, ಅಂದರೆ 2,048 ಕೂಡಿಸಿ. ಇಲ್ಲವಾದರೆ ಒಂದು ಸೆಂಟಿಗೆ 3ರ ಬದಲು 2 ಬರುತ್ತದೆ.

ಕೂಡುವಾಗ, ಕಳೆಯುವಾಗ ಎರಡೂ ಸಂಖ್ಯೆಗಳ ಚುಕ್ಕಿ ಒಂದೇ ಜಾಗದಲ್ಲಿದ್ದರೆ ಸಾಕು, ಬೇರೇನೂ ಮಾಡಬೇಕಿಲ್ಲ.

ಇಂಚಿನಲ್ಲೇ ತೋರಿಸುವುದಾದರೆ 100ರಿಂದ ಭಾಗಿಸಿದ್ದು ಚುಕ್ಕಿಯ ಎಡಕ್ಕೆ, ಶೇಷ ಬಲಕ್ಕೆ. 105 ಸೆಂಟಿಗೆ ಶೇಷ 5. ಅದನ್ನು ಹಾಗೇ ಅಚ್ಚು ಹಾಕಿದರೆ 1.5 ಇಂಚು ಅಂತ ಓದಿಸುತ್ತದೆ. ಶೇಷ ಹತ್ತಕ್ಕಿಂತ ಕಡಿಮೆ ಇದ್ದಾಗ ಮುಂದೆ ಒಂದು ಸೊನ್ನೆ ಹಾಕಬೇಕು.