ಪದ ಪರಿಚಯ: ವಿಂಟೇಜ್ ಪೈಪ್ ತಂಬಾಕು

ದಾವಣಗೆರೆಯ ಹಳೇ ಮನೆಗಳ ಅಟ್ಟದಲ್ಲಿ ಹುಡುಕಿದರೆ ಕ್ಯಾಪ್‌ಸ್ಟನ್ ಹೆಸರಿನ ತಂಬಾಕಿನ ತಗಡಿನ ಡಬ್ಬಿ ಸಿಕ್ಕರೂ ಸಿಗಬಹುದು. ಒಳಗೆ ಗುಂಡಿ, ಸೂಜಿ, ಹಳೇ ನಾಣ್ಯ ಇರುತ್ತವೆ. ಇಂಥ ಡಬ್ಬಿಗೂ 'ವಿಂಟೇಜ್' ಅಂತ ಹೆಸರು ಕೊಟ್ಟು ಮಾರುವವರಿದ್ದಾರೆ. ಆದರೆ ಪೈಪ್ ಸೇದುವವರು ಆ ಮಾತನ್ನು ಬಳಸುವುದು ಒಳಗಿನ ಹೊಗೆಸೊಪ್ಪಿಗೆ. ಅದೂ ಮುಚ್ಚಳದ ಸೀಲ್ ಒಡೆಯದೆ, ಗಾಳಿ ಆಡದೆ ವರ್ಷಗಟ್ಟಲೆ ಕೂತಿದ್ದರೆ ಮಾತ್ರ.

ಕೂತರೆ ಏನಾಗುತ್ತದೆ? ಎಲೆಯಲ್ಲಿ ಸಕ್ಕರೆ ಇದೆ, ತೇವ ಇದೆ, ಡಬ್ಬಿಯಲ್ಲಿ ಸ್ವಲ್ಪ ಗಾಳಿಯೂ ಇದೆ. ಆ ಗಾಳಿ ಮುಗಿಯುವವರೆಗೆ ಬದಲಾವಣೆ ಬೇಗ ನಡೆಯುತ್ತದೆ, ಆಮೇಲೆ ಬಹಳ ನಿಧಾನ. ಎಲೆ ಕಪ್ಪಾಗುತ್ತಾ ಹೋಗುತ್ತದೆ, ಹಸಿ ಖಾರ ಇಳಿಯುತ್ತದೆ, ಒಣ ದ್ರಾಕ್ಷಿ, ಅಂಜೂರದಂಥ ಪರಿಮಳ ಬರುತ್ತದೆ. ನಮ್ಮ ಅಡುಗೆಮನೆಯ ಹಳೇ ಹುಣಸೆಹಣ್ಣು ಕಪ್ಪಾಗಿ ರುಚಿ ಹದವಾಗುವುದಿಲ್ವಾ, ಹಾಗೆ.

ಎಲ್ಲ ಸೊಪ್ಪೂ ಹೀಗೆ ಹದವಾಗುವುದಿಲ್ಲ. ಚೆನ್ನಾಗಿ ಮಾಗುವುದು ವರ್ಜೀನಿಯಾ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ರೈತರು ಬೆಳೆಯುವುದೂ ಇದೇ ಜಾತಿ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಯಲ್ಲಿ, ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಹದ ಮಾಡುವುದರಿಂದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಮಾಗುವುದಕ್ಕೆ ಆ ಸಕ್ಕರೆಯೇ ಬಂಡವಾಳ. ಅಮೆರಿಕದ ಲೂಯಿಸಿಯಾನಾದಲ್ಲಿ ಪೀಪಾಯಿಗೆ ತುಂಬಿ ಒತ್ತಡದಲ್ಲಿ ಹುದುಗಿಸುವ ಪೆರೀಕ್ ಎಂಬ ಸೊಪ್ಪನ್ನು ವರ್ಜೀನಿಯಾಗೆ ಸ್ವಲ್ಪ ಬೆರೆಸಿದರೆ ಆ ಜೋಡಿ ಇನ್ನೂ ಸೊಗಸಾಗಿ ಮಾಗುತ್ತದೆ. ಬರ್ಲಿ ಎಂಬ ಇನ್ನೊಂದು ಜಾತಿಯಲ್ಲಿ ಸಕ್ಕರೆ ಕಡಿಮೆ, ಬದಲಾವಣೆಯೂ ಕಡಿಮೆ. ಲಟಾಕಿಯಾದ ದಾರಿ ಬೇರೆ. ಬೆಂಕಿಯ ಹೊಗೆಯಲ್ಲಿ ಹದ ಮಾಡಿದ ಸೊಪ್ಪು ಅದು. ವರ್ಷ ಕಳೆದಂತೆ ಅದರ ಹೊಗೆವಾಸನೆ ಮೆತ್ತಗಾಗಿ, ಕೊನೆಗೆ ಮಂಕಾಗುತ್ತದೆ. ವೆನಿಲ್ಲಾ, ಚೆರ್ರಿ ಪರಿಮಳ ಬೆರೆಸಿದ ತಂಬಾಕನ್ನು ಸುಮ್ನೆ ಕೂಡಿಡಬೇಡಿ. ಅದನ್ನು ಹೊಸದಾಗಿದ್ದಾಗಲೇ ಸೇದಿದರೆ ಚೆಂದ.

ಮತ್ತೆ ಸಂಗ್ರಹ ಯಾಕೆ? ಕೆಲವು ಮಿಶ್ರಣಗಳು ನಿಂತೇ ಹೋಗಿವೆ, ಇನ್ನು ಕೆಲವು ಹೆಸರು ಬದಲಿಸಿಕೊಂಡಿವೆ. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದರು. ಅವರ ಹೆಸರಿನ ಪೈಪ್ ತಂಬಾಕು 2018ರ ಹೊತ್ತಿಗೆ ನಿಂತಿತು. ಮುಂದೆ ಆ ಮಿಶ್ರಣಗಳು ಪೀಟರ್ಸನ್ ಎಂಬ ಪೈಪ್ ಕಂಪನಿಯ ಹೆಸರಿನಲ್ಲಿ ಬಂದವು. ಹಾಗಾಗಿ ಹಳೇ ಡನ್‌ಹಿಲ್ ಡಬ್ಬಿಗೆ ಬೆಲೆ ಏರಿತು. ನನಗೆ ಈ ಬೆಲೆಯ ಓಟದಲ್ಲಿ ಆಸಕ್ತಿ ಇಲ್ಲ. ಲೇಬಲ್‌ಗಿಂತ ಸೀಲ್ ನೋಡಿ ಕೊಳ್ಳುವುದು ಒಳ್ಳೆಯದು ಅಂತ ನನ್ನ ಗಟ್ಟಿ ನಂಬಿಕೆ.

ಸೀಲ್ ನೋಡುವುದು ಹೇಗೆ? ಡಬ್ಬಿಯ ಅಂಚಿನಲ್ಲಿ, ತಳದಲ್ಲಿ ತುಕ್ಕು ಇದೆಯಾ ನೋಡಿ. ಸೂಜಿಮೊನೆಯಷ್ಟು ತೂತು ಬಿದ್ದಿದ್ದರೂ ಒಳಗಿನದು ಒಣಗಿ ಹೋಗಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ತರಗೆಲೆಯ ಹಾಗೆ ಸದ್ದಾದರೆ ಬಿಡಿ. ಮುಚ್ಚಳ ತುಸು ಉಬ್ಬಿದ್ದರೆ ಹೆದರಬೇಡಿ, ಅದು ಒಳಗೆ ಹುದುಗುವಾಗ ಹುಟ್ಟಿದ ಗಾಳಿಯೂ ಇರಬಹುದು. ಕಾಲ ಗೊತ್ತು ಮಾಡಲು ಬೆಲೆಯ ಮುದ್ರೆ ಅಥವಾ ಚೀಟಿ ನೆರವಾಗುತ್ತದೆ. ಬ್ರಿಟನ್ನಿನ ಡಬ್ಬಿಯ ಮೇಲೆ ಶಿಲಿಂಗ್ ಲೆಕ್ಕ ಇದ್ದರೆ ಅದು ಸಾಮಾನ್ಯವಾಗಿ 1971ರ ಫೆಬ್ರುವರಿಗಿಂತ ಹಿಂದಿನದು. ನಮ್ಮಲ್ಲಿ ಬರೀ ಆಣೆ ಲೆಕ್ಕ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಅಂತ ಅಂದಾಜು ಮಾಡಬಹುದು. ನಯಾ ಪೈಸೆ ಬಂದದ್ದು ಆಗಲೇ.

ಡಬ್ಬಿ ತೆರೆದಾಗ ಎಲೆಯ ಮೇಲೆ ಬಿಳಿ ಚುಕ್ಕೆ ಕಂಡರೆ ತಕ್ಷಣ ಎಸೆಯಬೇಡಿ. ಬೆಳಕಿಗೆ ಹಿಡಿದಾಗ ಹರಳಿನ ಹಾಗೆ ಮಿಂಚಿದರೆ ಅದು ಚೆನ್ನಾಗಿ ಮಾಗಿದ ಗುರುತು. ಹತ್ತಿಯಂತೆ ನವಿರಾಗಿ ಹಬ್ಬಿ ಮುಗ್ಗಲು ವಾಸನೆ ಬಂದರೆ ಬೂಷ್ಟು. ಅದನ್ನು ಸೇದಲೇಬಾರದು.

ನಮ್ಮೂರಲ್ಲಿ ದೊಡ್ಡ ತೊಂದರೆ ಬಿಸಿಲು. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಏಪ್ರಿಲ್, ಮೇ ತಿಂಗಳಲ್ಲಿ ಆರ್‌ಸಿಸಿ ಮನೆಯ ಮೇಲಂತಸ್ತು ಒಲೆಯಂತೆ ಕಾಯುತ್ತದೆ. ಹಾಗೆ ಕಾದರೆ ತಂಬಾಕು ಮಾಗುವುದಿಲ್ಲ, ಬೆಂದು ರುಚಿ ಚಪ್ಪಟೆಯಾಗುತ್ತದೆ. ಕೆಳಗಿನ ಕೋಣೆಯಲ್ಲಿ, ನೆಲದ ಹತ್ತಿರ, ಬೆಳಕು ಬೀಳದ ಕಪಾಟು ವಾಸಿ. ಫ್ರಿಜ್ ಬೇಡ, ತಂಪು ಜಾಸ್ತಿಯಾದರೆ ಮಾಗುವುದು ನಿಧಾನವಾಗುತ್ತದೆ. ಡಬ್ಬಿ ತುಕ್ಕು ಹಿಡಿಯುತ್ತಿದ್ದರೆ ರಬ್ಬರ್ ಉಂಗುರದ ಮುಚ್ಚಳವಿರುವ ಗಾಜಿನ ಭರಣಿಗೆ ಒತ್ತಿ ತುಂಬಿ, ಮೇಲೆ ತಾರೀಖು ಬರೆದಿಡಿ.

ಮಾಗಿದ ತಂಬಾಕು ನಾಲಿಗೆಗೆ ಮೆತ್ತಗಿದೆ ಅಂತ ದೇಹಕ್ಕೂ ಮೆತ್ತಗೆ ಅಂದುಕೊಳ್ಳಬೇಡಿ. ನಿಕೋಟಿನ್ ಇದ್ದೇ ಇರುತ್ತದೆ. ಹೊಗೆ ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ತಪ್ಪುವುದಿಲ್ಲ. ಸೇದದೆ ಡಬ್ಬಿ ಮಾತ್ರ ಕೂಡಿಡುವ ಸಂಗ್ರಾಹಕರೂ ಇದ್ದಾರೆ. ಅವರ ಖುಷಿಯೂ ಪೂರ್ತಿ ಖುಷಿಯೇ.

ಸೇದುವವರಿಗೆ ಒಂದು ಮಾತು. ಹಳೇ ವರ್ಜೀನಿಯಾ ಒತ್ತಿದ ಪದರಗಳಾಗಿದ್ದರೆ ಅವನ್ನು ಬಿಡಿಸಿ, ಕಾಗದದ ಮೇಲೆ ಹರಡಿ ಸ್ವಲ್ಪ ಹೊತ್ತು ಆರಲು ಬಿಡಿ. ಪೈಪಿನ ತಳಕ್ಕೆ ಸಡಿಲವಾಗಿ, ಮೇಲೆ ತುಸು ಬಿಗಿಯಾಗಿ ತುಂಬಿ. ಆತುರದಿಂದ ಎಳೆದರೆ ನಾಲಿಗೆ ಸುಡುತ್ತದೆ, ಅಷ್ಟು ವರ್ಷ ಕೂಡಿದ ಸಿಹಿಯೂ ಗೊತ್ತಾಗುವುದಿಲ್ಲ. ಕೆಂಡ ಆರುವಷ್ಟು ನಿಧಾನವಾಗಿ ಸೇದಿ, ಆರಿದರೆ ಮತ್ತೆ ಕಡ್ಡಿ ಗೀರಿ.