ಕ್ಷಣಾರ್ಧದ ಗಾಮಾ ಮಿಂಚಿಗೆ ವಿಳಾಸ ಹುಡುಕಿದ ಬಗೆ

ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ನಡೆದರೆ ಪತ್ತೆ ಹಚ್ಚಲೆಂದು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಬೇರೇನನ್ನೋ ದಾಖಲಿಸಿದವು: ಬಾಹ್ಯಾಕಾಶದಿಂದ ಬಂದ ಗಾಮಾ ಕಿರಣಗಳ ಮಿಂಚು. ಇಂಥ 16 ಸ್ಫೋಟಗಳ ವರದಿ 1973ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಉಪಗ್ರಹಗಳಿಗೆ ಕಿರಣ ತಲುಪಿದ ಸಮಯದ ವ್ಯತ್ಯಾಸ ಲೆಕ್ಕ ಹಾಕಿ, ಮೂಲ ಭೂಮಿಯೂ ಅಲ್ಲ, ಸೂರ್ಯನೂ ಅಲ್ಲ ಎಂದರು. ಹಾಗಾದರೆ ಎಲ್ಲಿ? ಅದಕ್ಕೆ ಉತ್ತರ ಸಿಗಲಿಲ್ಲ.

1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದ ಬ್ಯಾಟ್ಸಿ ಉಪಕರಣ ಒಂಬತ್ತು ವರ್ಷದಲ್ಲಿ 2,704 ಸ್ಫೋಟ ಎಣಿಸಿತು. ಅವು ಕಿರು, ದೀರ್ಘ ಎಂದು ಎರಡು ಗುಂಪಾಗುತ್ತವೆ, ನಡುವಿನ ಗಡಿ ಸುಮಾರು 2 ಸೆಕೆಂಡ್ ಎಂದು 1993ರಲ್ಲಿ ಗೊತ್ತಾಯಿತು. ಆದರೆ ದಿಕ್ಕು ಹೇಳುವಾಗ ಬ್ಯಾಟ್ಸಿ ಹಲವು ಡಿಗ್ರಿ ತಪ್ಪುತ್ತಿತ್ತು. 1997ರಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹ ದೀರ್ಘ ಸ್ಫೋಟಗಳ ಉಳಿಬೆಳಕನ್ನು, ಅಂದರೆ ಮಿಂಚು ಆರಿದ ಮೇಲೂ ಉಳಿಯುವ ಮಂದ ಹೊಳಪನ್ನು, ಹಿಡಿದು ಅವುಗಳ ದೂರದ ಒಗಟು ಬಿಡಿಸಿತು. ಕಿರು ಸ್ಫೋಟಗಳ ಒಗಟು ಹಾಗೇ ಉಳಿಯಿತು.

2004ರ ನವೆಂಬರ್ 20ರಂದು ಹಾರಿದ ಸ್ವಿಫ್ಟ್ ಉಪಗ್ರಹ ಈ ಕೆಲಸಕ್ಕೆಂದೇ ಕಟ್ಟಿದ್ದು. ಗಾಮಾ ಕಿರಣವನ್ನು ಮಸೂರದಿಂದ ಬಗ್ಗಿಸಲಾಗದು. ಹಾಗಾಗಿ ಅದರ ಬ್ಯಾಟ್ ಉಪಕರಣ ನೆರಳನ್ನು ಓದುತ್ತದೆ. ಮೇಲೆ ಸುಮಾರು 52,000 ಸೀಸದ ಬಿಲ್ಲೆಗಳನ್ನು ಅಡ್ಡಾದಿಡ್ಡಿಯಾಗಿ ಅಂಟಿಸಿದ ತಟ್ಟೆ, ಕೆಳಗೆ 4 ಮಿ.ಮೀ. ಚೌಕದ 32,768 ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಹರಳುಗಳು. ಜಾಲಂಧ್ರದ ನೆರಳು ನೆಲದ ಮೇಲೆ ಎಲ್ಲಿ ಬಿದ್ದಿದೆ ಎಂದು ನೋಡಿ ಸೂರ್ಯನಿರುವ ದಿಕ್ಕು ಹೇಳಿದಂತೆ ಇದು. ಎಣಿಕೆ ದಿಢೀರನೆ ಏರಿದರೆ ಕಂಪ್ಯೂಟರ್ ನೆರಳಿನಿಂದ ಚಿತ್ರ ಕಟ್ಟಿ, ಅದರಲ್ಲಿ ಹೊಸ ಚುಕ್ಕೆ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸುತ್ತದೆ. ಇದ್ದರೆ ಕೆಲವೇ ಆರ್ಕ್ ಮಿನಿಟ್ (ಒಂದು ಡಿಗ್ರಿಯ 60ನೇ ಒಂದು ಭಾಗ) ನಿಖರತೆಯ ದಿಕ್ಕು ಸಿಗುತ್ತದೆ; ನೌಕೆ ಒಂದೆರಡು ನಿಮಿಷದೊಳಗೆ ತಾನೇ ಅತ್ತ ತಿರುಗಿ ಎಕ್ಸ್-ರೇ ದೂರದರ್ಶಕವನ್ನು ಗುರಿಯಿಡುತ್ತದೆ.

2005ರ ಮೇ 9ರ ಸ್ಫೋಟ ಇದ್ದದ್ದು ಬರೀ 40 ಮಿಲಿಸೆಕೆಂಡ್. ಸುಮಾರು ಒಂದು ನಿಮಿಷದಲ್ಲಿ ಸ್ವಿಫ್ಟ್ ತಿರುಗಿತು. ಎಕ್ಸ್-ರೇ ದೂರದರ್ಶಕಕ್ಕೆ ಸಿಕ್ಕಿದ್ದು 11 ಫೋಟಾನ್ (ಬೆಳಕಿನ ಕಣ), ಅಷ್ಟೇ! ಆ ಹನ್ನೊಂದರಿಂದಲೇ ಸುಮಾರು 9 ಆರ್ಕ್ ಸೆಕೆಂಡ್ (ಆರ್ಕ್ ಮಿನಿಟ್‌ನ 60ನೇ ಒಂದು ಭಾಗ) ತ್ರಿಜ್ಯದ ವೃತ್ತ ಎಳೆದರು. ಪಕ್ಕದಲ್ಲೇ ಮುದಿ ನಕ್ಷತ್ರಗಳ ದೈತ್ಯ ದೀರ್ಘವೃತ್ತೀಯ ಗೆಲಾಕ್ಸಿ ಇತ್ತು. ಬೃಹತ್ ನಕ್ಷತ್ರ ಸತ್ತು ಸಿಡಿಯುವ ಜಾಗವಲ್ಲ ಅದು. ಹಾಗಾಗಿ ಕಿರು ಸ್ಫೋಟ ಹುಟ್ಟುವುದು ನ್ಯೂಟ್ರಾನ್ ತಾರೆಗಳ (ಸತ್ತ ಬೃಹತ್ ನಕ್ಷತ್ರಗಳ ಅತಿ ಸಾಂದ್ರ ತಿರುಳುಗಳ) ಡಿಕ್ಕಿಯಿಂದ ಎಂಬ ವಾದಕ್ಕೆ ಬಲ ಬಂತು. ಆದರೂ ದೃಗ್ಗೋಚರ ಉಳಿಬೆಳಕು ಸಿಗದ್ದರಿಂದ ಅದೇ ಗೆಲಾಕ್ಸಿ ಎಂದು ಆಣೆ ಮಾಡಿ ಹೇಳುವಂತಿರಲಿಲ್ಲ. ಎರಡು ತಿಂಗಳ ಬಳಿಕ ಹೀಟಿ-2 ಉಪಗ್ರಹ ಕಂಡ ಸ್ಫೋಟದಲ್ಲಿ ಆ ಬೆಳಕೂ ಸಿಕ್ಕಿತು.

ಕಿರು ಸ್ಫೋಟ ಕೈತಪ್ಪುವುದಕ್ಕೆ ಕಾರಣಗಳು ಒಂದೆರಡಲ್ಲ. ಅದರ ಕಿರಣಗಳ ಶಕ್ತಿ ಹೆಚ್ಚು. ಬ್ಯಾಟ್‌ನ 2 ಮಿ.ಮೀ. ದಪ್ಪದ ಹರಳುಗಳು ಚಿತ್ರ ಕಟ್ಟಬಲ್ಲದ್ದು ಸುಮಾರು 15ರಿಂದ 150 ಕಿಲೋ ಎಲೆಕ್ಟ್ರಾನ್ ವೋಲ್ಟ್ ತನಕ ಮಾತ್ರ. ಒಟ್ಟು ಫೋಟಾನ್ ಕಡಿಮೆಯಾದ್ದರಿಂದ ಎಣಿಕೆ ಏರಿದರೂ ಚಿತ್ರದಲ್ಲಿ ಚುಕ್ಕೆ ಮೂಡದಿರಬಹುದು. ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣ ವಲಯ ದಾಟುವಾಗ ಪತ್ತೆ ಕೆಲಸವೇ ನಿಲ್ಲುತ್ತದೆ. ಬ್ಯಾಟ್ಸಿ ಕಂಡದ್ದರಲ್ಲಿ ನಾಲ್ಕನೇ ಒಂದು ಭಾಗ ಕಿರು ಸ್ಫೋಟಗಳಾದರೆ, ಸ್ವಿಫ್ಟ್‌ಗೆ ಸಿಗುವುದು ಹತ್ತನೇ ಒಂದರಷ್ಟು. ಗಡಿ ಎಂದ ಆ 2 ಸೆಕೆಂಡನ್ನೂ ಪೂರ್ತಿ ನಂಬುವಂತಿಲ್ಲ: 2021ರ ಡಿಸೆಂಬರ್ 11ರ ಸ್ಫೋಟ ಸುಮಾರು 50 ಸೆಕೆಂಡ್ ಉರಿದರೂ ಅದರ ಹಿಂದೆ ನ್ಯೂಟ್ರಾನ್ ತಾರೆಗಳ ಡಿಕ್ಕಿಯ ಗುರುತಾದ ಬೆಳಕು, ಕಿಲೋನೋವಾ, ಕಾಣಿಸಿತು.

2017ರ ಆಗಸ್ಟ್ 17ರಂದು ನ್ಯೂಟ್ರಾನ್ ತಾರೆಗಳ ಡಿಕ್ಕಿಯಿಂದ ಎದ್ದ ಗುರುತ್ವ ತರಂಗ (ದೇಶಕಾಲದಲ್ಲಿ ಏಳುವ ಅಲೆ) ಬಂದು 1.7 ಸೆಕೆಂಡಿಗೆ ಫರ್ಮಿ ಉಪಗ್ರಹದ ಜಿಬಿಎಂ ಉಪಕರಣ ಕಿರು ಸ್ಫೋಟ ಕಂಡಿತು. ಅದರಲ್ಲಿ ನೆರಳಿನ ತಟ್ಟೆಯಿಲ್ಲ. ಇರಚಲಿಗೆ ಯಾವ ಗೋಡೆ ಹೆಚ್ಚು ನೆನೆದಿದೆ ಎಂದು ನೋಡಿ ಮಳೆಯ ದಿಕ್ಕು ಹೇಳುವಂತೆ, ಬೇರೆ ಬೇರೆ ಕಡೆ ಮುಖ ಮಾಡಿದ 12 ಸೋಡಿಯಂ ಅಯೊಡೈಡ್ ಸಂವೇದಕಗಳ ಎಣಿಕೆ ಹೋಲಿಸುತ್ತದೆ. ಹೀಗೆ ದಕ್ಕಿದ್ದು ಸುಮಾರು 1,100 ಚದರ ಡಿಗ್ರಿ, ಎಂದರೆ 5,000ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರನ್ನು ಹರವಿದಷ್ಟು ಆಕಾಶ. ಗುರುತ್ವ ತರಂಗ ಹಿಡಿಯುವ ಲೈಗೊ, ವರ್ಗೊ ಕೇಂದ್ರಗಳು ಅದನ್ನು ಸುಮಾರು 30 ಚದರ ಡಿಗ್ರಿಗೆ ಇಳಿಸಿದವು. ಸುಮಾರು 11 ಗಂಟೆ ಬಳಿಕ ಚಿಲಿಯ ಸ್ವೋಪ್ ದೂರದರ್ಶಕ, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕು ಕಂಡಿತು.

ಇಷ್ಟಾಗುವಾಗ ಸ್ವಿಫ್ಟ್ ಎಲ್ಲಿತ್ತು? ಭೂಮಿಯ ಮರೆಯಲ್ಲಿ. ಬೆಂಗಳೂರಿನಿಂದ ನಿಯಂತ್ರಿಸುವ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ್ದೂ ಅದೇ ಪಾಡು. ಬ್ಯಾಟ್‌ನಂಥದೇ ಹರಳುಗಳ ಸಿಝಡ್‌ಟಿಐ ಉಪಕರಣ ಅದರಲ್ಲಿದ್ದರೂ ಸ್ಫೋಟಕ್ಕೆ ಭೂಮಿ ಅಡ್ಡ ನಿಂತಿತ್ತು.